ಬೂದು ಕಾರಿನ ಬಲಗಡೆ ಬಾಗಿಲು

ಮಾರ್ಚ್ 4, ಮಂಗಳವಾರ

ಬೂದು ಕಾರಿನವರಿಗೆ,

ಶನಿವಾರ ಸಂಜೆ ಬ್ಯಾಂಕಿನ ಪಕ್ಕದ ಓಣಿಯಲ್ಲಿ ನನ್ನ ವ್ಯಾನು ನಿಮ್ಮ ಕಾರಿಗೆ ತಾಗಿತು. ನಿಮ್ಮ ಬಲಗಡೆ ಹಿಂದಿನ ಬಾಗಿಲಿಗೆ ಅಂಗೈಯಷ್ಟು ನೆಗ್ಗು, ಎರಡು ಗೇಣು ಉದ್ದದ ಗೀರು. ನೀವು ಕೂಗಾಡಲಿಲ್ಲ, ಜನ ಸೇರಿಸಲಿಲ್ಲ. ಅದನ್ನು ಗಮನಿಸಿದ್ದೇನೆ.

ಫೋನು ಬೇಡ, ವಿಳಾಸ ಕೊಡಿ ಎಂದಾಗ ನನ್ನ ಮುಖ ನೋಡಿದಿರಿ. ನನ್ನ ಕೈ ಬಣ್ಣದಲ್ಲಿದ್ದಾಗ ನನ್ನ ಫೋನನ್ನು ಸೊಸೆ ಎತ್ತುತ್ತಾಳೆ. ಆದರೆ ಒಬ್ಬರ ಹೆಸರಿಗೆ ಬಂದ ಪತ್ರವನ್ನು ನಮ್ಮ ಮನೆಯಲ್ಲಿ ಇನ್ನೊಬ್ಬರು ಒಡೆಯುವುದಿಲ್ಲ. ಹಾಗೆ ಬೆಳೆಸಿದ್ದೇನೆ.

ನಮ್ಮದು ಕಾರುಗಳ ನೆಗ್ಗು ತೆಗೆದು ಬಣ್ಣ ಹೊಡೆಯುವ ಶೆಡ್ಡು. ಯಜಮಾನರು ಹೋದಂದಿನಿಂದ ಮೂವತ್ತೊಂದು ವರ್ಷ ನಾನೇ ನಡೆಸಿದ್ದೇನೆ. ಮಗ ತಗಡಿನ ಕೆಲಸ ಮಾಡುತ್ತಾನೆ, ಸೊಸೆ ಸ್ಪ್ರೇ ಗನ್ನು ಹಿಡಿದು ಬಣ್ಣ ಹೊಡೆಯುತ್ತಾಳೆ, ಬಣ್ಣ ಬೆರೆಸುವುದು ನಾನು. ಬೆರೆಸುವ ಮೇಜಿನ ಹತ್ತಿರ ಬೇರೆಯವರಿಗೆ ಕೆಲಸವಿಲ್ಲ.

ಆದ್ದರಿಂದ ಇನ್ಶೂರೆನ್ಸಿನವರ ಹತ್ತಿರ ಹೋಗಬೇಡಿ. ನಿಮ್ಮ ಕಾರನ್ನು ನಾನೇ, ನನ್ನ ಕೈಯಾರೆ, ಒಂದು ಪೈಸೆ ತೆಗೆದುಕೊಳ್ಳದೆ ಸರಿಮಾಡಿಕೊಡುತ್ತೇನೆ. ನೀವು ಕ್ಲೈಮ್ ಹಾಕಿದರೆ ಮುಂದಿನ ವರ್ಷ ನಿಮಗೆ ಸಿಗುವ ರಿಯಾಯಿತಿ ಹೋಗುತ್ತದೆ. ಸರ್ವೇಯರು ಬಂದು ಫೋಟೊ ತೆಗೆದು, ಗಾಡಿ ಓಡಿಸುತ್ತಿದ್ದವರು ಯಾರು ಎಂದು ಬರೆದುಕೊಳ್ಳುತ್ತಾನೆ. ಆ ಸರ್ವೇಯರು ಬೇರೆ ಕಾರುಗಳ ಕೆಲಸಕ್ಕೆ ವಾರಕ್ಕೆ ಎರಡು ಸಲ ನಮ್ಮ ಶೆಡ್ಡಿಗೇ ಬರುವವನು.

ಸುಳ್ಳು ನನಗೆ ಬರುವುದಿಲ್ಲ, ಉಳಿದ ಕಾರಣವನ್ನೂ ಬರೆಯುತ್ತೇನೆ. ಹೋದ ವರ್ಷ ಮಗ ಹೇಳಿದ, "ಅಮ್ಮಾ, ವಯಸ್ಸಾಯ್ತು, ವ್ಯಾನಿನ ಕೀ ನನಗೆ ಕೊಟ್ಬಿಡು." ನಾನು ಎಲ್ಲರ ಎದುರಿಗೆ ಹೇಳಿದೆ, "ನನ್ನ ಕೈಯಿಂದ ಯಾರ ಗಾಡಿಗಾದ್ರೂ ಒಂದು ಗೀರು ಬೀಳ್ಲಿ. ಅವತ್ತೇ ಕೀನೂ ಕೊಡ್ತೀನಿ, ಮೇಜೂ ಬಿಡ್ತೀನಿ, ಮನೇಲಿ ಕೂತು ಕಾಳು ಆರಿಸ್ತೀನಿ." ಆಡಿದ ಮಾತು. ನೀವು ತಿರುವಿನಲ್ಲಿ ನಿಲ್ಲಿಸಬಾರದ ಜಾಗದಲ್ಲಿ ಕಾರು ನಿಲ್ಲಿಸಿದಿರಿ ಎಂದು ನಾನು ಮೂವತ್ತೊಂದು ವರ್ಷದ ಮೇಜು ಬಿಡಬೇಕೇ?

ನನ್ನ ವ್ಯಾನಿನ ಮೂಲೆಯನ್ನು ಮರುದಿನವೇ ನಾನೊಬ್ಬಳೇ ಸರಿಮಾಡಿ ಬಣ್ಣ ಹೊಡೆದೆ. ಯಾರಿಗೂ ಗೊತ್ತಾಗಿಲ್ಲ. ಭಾನುವಾರ ಶೆಡ್ಡಿಗೆ ರಜೆ. ಬೆಳಿಗ್ಗೆ ಏಳಕ್ಕೆ ಬನ್ನಿ, ಸಂಜೆ ಐದಕ್ಕೆ ಹೊರಡಬಹುದು.

ಶೆಡ್ಡಿನ ಯಜಮಾನಿ

*

ಮಾರ್ಚ್ 7, ಶುಕ್ರವಾರ

ಶೆಡ್ಡಿನ ಅಮ್ಮನವರಿಗೆ ನಮಸ್ಕಾರ.

ಪತ್ರ ತಲುಪಿತು. ಒಪ್ಪಿದ್ದೇನೆ. ಇನ್ಶೂರೆನ್ಸು ನನಗೂ ಬೇಡ, ಆ ಫಾರಮ್ಮುಗಳ ತಲೆನೋವು ಯಾರಿಗೆ ಬೇಕು. ಭಾನುವಾರ ಏಳಕ್ಕೆ ಬರುತ್ತೇನೆ. ಮೂರು ತಾಸಿನ ದಾರಿ, ಕತ್ತಲಿರುವಾಗಲೇ ಹೊರಡುತ್ತೇನೆ.

ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಲೇಖಕರೊಬ್ಬರ ಸಹಿ ತರಲು ಶನಿವಾರ ನಿಮ್ಮ ಊರಿಗೆ ಬಂದಿದ್ದೆ. ಕಾರನ್ನು ತಿರುವಿನಿಂದ ಹತ್ತು ಹೆಜ್ಜೆ ಈಚೆಗೆ, ಗೋಡೆಗೆ ಒತ್ತಿ ನಿಲ್ಲಿಸಿದ್ದೆ. ಇದನ್ನು ಜಗಳಕ್ಕೆ ಬರೆಯುತ್ತಿಲ್ಲ. ಇದ್ದದ್ದು ಇದ್ದ ಹಾಗೆ ಇರಲಿ ಎಂದು ಬರೆದೆ.

ಒಂದೇ ಒಂದು ಕೋರಿಕೆ. ಇದೇ ತಿಂಗಳ 29ರೊಳಗೆ ಬಾಗಿಲು ಮೊದಲಿನಂತೆ ಆಗಿಬಿಡಬೇಕು. ಕಾರಣ ಏನೂ ಇಲ್ಲ, ನನಗೆ ಅರ್ಧಂಬರ್ಧ ಕೆಲಸ ಕಂಡರೆ ಆಗುವುದಿಲ್ಲ ಅಷ್ಟೇ.

ಕರಡು ತಿದ್ದುವವಳು

*

ಮಾರ್ಚ್ 12, ಬುಧವಾರ

ಅಮ್ಮನವರಿಗೆ,

ಭಾನುವಾರ ನೀವು ಪಟ್ಟ ಶ್ರಮ ಕಣ್ಣಾರೆ ನೋಡಿದ್ದೇನೆ. ಊಟಕ್ಕೂ ಏಳಲಿಲ್ಲ. ನಾನು ನೀರು ಕೊಟ್ಟರೆ "ಧೂಳು ಬೀಳುತ್ತೆ, ದೂರ ನಿಲ್ಲು" ಎಂದು ಗದರಿದಿರಿ. ಆದ್ದರಿಂದ ಈ ಮಾತು ಬರೆಯಲು ಮೂರು ದಿನ ಹಿಂದೆಮುಂದೆ ನೋಡಿದೆ.

ಬಾಗಿಲಿನ ಬಣ್ಣ ಬೇರೆ ಬಂದಿದೆ.

ಶೆಡ್ಡಿನ ದೀಪದಲ್ಲಿ ನನಗೂ ಗೊತ್ತಾಗಲಿಲ್ಲ. ಸೋಮವಾರ ಬೆಳಿಗ್ಗೆ ಗೇಟಿನ ಹೊರಗೆ ತಂದು ನಿಲ್ಲಿಸಿದಾಗ ಕಂಡಿತು. ಕಾರಿನ ಬೂದು ಬಣ್ಣದಲ್ಲಿ ಒಂದು ನೀಲಿ ಛಾಯೆ ಇದೆ. ಬಾಗಿಲಿನ ಬೂದು ಮಾಸಿದ ದಿಂಬಿನ ಹಾಗೆ ಹಳದಿ ತಿರುಗಿದೆ. ನೆಗ್ಗು ಎಲ್ಲಿತ್ತೆಂದು ಬೆರಳಿಟ್ಟು ಹುಡುಕಿದರೂ ಸಿಗುವುದಿಲ್ಲ, ಆ ಕೆಲಸಕ್ಕೆ ಕೈ ಮುಗಿಯಬೇಕು. ಬಣ್ಣ ಮಾತ್ರ ಹೀಗಾಗಿದೆ.

ಡಬ್ಬಿ ಅದಲುಬದಲಾಗಿರಬಹುದೇ? ದಯವಿಟ್ಟು ನೋಡಿ.

ಕರಡು ತಿದ್ದುವವಳು

*

ಮಾರ್ಚ್ 15, ಶನಿವಾರ

ಕರಡು ತಿದ್ದುವವರಿಗೆ,

ನನ್ನ ಶೆಡ್ಡಿನಲ್ಲಿ ಡಬ್ಬಿ ಅದಲುಬದಲಾಗುವುದಿಲ್ಲ.

ಅಕ್ಷರದ ತಪ್ಪು ಹಿಡಿಯುವುದು ನಿಮ್ಮ ಕಸುಬು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಬಣ್ಣದ ವಿಷಯ ನನ್ನಿಂದ ಕೇಳಿಕೊಳ್ಳಿ. ಪ್ರತಿ ಕಾರಿಗೂ ಬಣ್ಣದ ಒಂದು ನಂಬರು ಇರುತ್ತದೆ. ಅದನ್ನು ನೋಡಿ ಬೆರೆಸುವುದು ಚಮಚದಲ್ಲಿ ಉಪ್ಪು ಅಳೆಯುವವರ ಅಡುಗೆ. ಕಾರು ಬಿಸಿಲಿನಲ್ಲಿ ನಿಂತು ನಿಂತು ಹುಟ್ಟಿದ ಬಣ್ಣ ಬಿಟ್ಟು ಬೇರೆಯೇ ಆಗಿರುತ್ತದೆ. ಅದನ್ನು ಕಣ್ಣೇ ಹಿಡಿಯಬೇಕು. ಎರಡು ವರ್ಷದಲ್ಲಿ ನನ್ನ ಮೇಜಿನಿಂದ ಮುನ್ನೂರು ಗಾಡಿಗಳಿಗಾದರೂ ಬಣ್ಣ ಹೋಗಿದೆ. ಒಂದೇ ಒಂದು ತಿರುಗಿ ಬಂದಿಲ್ಲ. ನಿಮ್ಮದೊಂದೇ ಹೇಗೆ ಬರುತ್ತದೆ?

ಹೊಸ ಬಣ್ಣ ಕಣ್ಣಿಗೆ ಎದ್ದು ಕಾಣುತ್ತದೆ, ಹೊಸ ಸೊಸೆಯ ಹಾಗೆ. ಒಂದು ವಾರ ಬಿಟ್ಟು ನೋಡಿ.

ಇನ್ನೊಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ ನಾನು. ಒಂದು ಬಾಗಿಲಿನ ನೆಪದಲ್ಲಿ ಇಡೀ ಕಾರಿಗೆ ಪುಕ್ಕಟೆ ಬಣ್ಣ ಹೊಡೆಸಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ನೀವು ಅಂಥವರು ಎಂದು ಹೇಳುತ್ತಿಲ್ಲ.

ಶೆಡ್ಡಿನ ಯಜಮಾನಿ

*

ಮಾರ್ಚ್ 18, ಮಂಗಳವಾರ

ಶೆಡ್ಡಿನ ಯಜಮಾನಿಯವರಿಗೆ,

ನಾನು ಅಂಥವಳಲ್ಲ ಎಂದು ಬರೆದು ಅಂಥವಳೇ ಎಂದು ಹೇಳಿದ್ದೀರಿ. ಓದಲು ಬರುತ್ತದೆ ನನಗೆ.

ನಿನ್ನೆ ಕಾರನ್ನು ಮುದ್ರಣಾಲಯದ ಅಂಗಳದಲ್ಲಿ ನಿಲ್ಲಿಸಿ, ಏನೂ ಹೇಳದೆ, ನಾಲ್ಕು ಜನರನ್ನು ಒಬ್ಬೊಬ್ಬರಾಗಿ ಕರೆದೆ. "ಇದರಲ್ಲಿ ಏನಾದರೂ ಕಾಣ್ತಾ ಇದೆಯಾ?" ಎಂದಷ್ಟೇ ಕೇಳಿದೆ. ಯಂತ್ರ ಓಡಿಸುವವರು ಬಾಗಿಲು ತೋರಿಸಿದರು. ಬೈಂಡಿಂಗಿನ ಅಕ್ಕ ಬಾಗಿಲು ತೋರಿಸಿದರು. ಕಾವಲುಗಾರ ಬಾಗಿಲು ತೋರಿಸಿ "ಬೇರೆ ಕಾರಿಂದ ತಂದು ಜೋಡ್ಸಿದ್ರಾ ಮೇಡಂ?" ಎಂದ. ನಾಲ್ಕನೆಯವರು ನಮ್ಮ ಮಾಲೀಕರು, ಅವರಿಗೆ ಕನ್ನಡಕವಿಲ್ಲದೆ ಕಾರೇ ಕಾಣುವುದಿಲ್ಲ. ಅವರೂ ಬಾಗಿಲು ತೋರಿಸಿದರು.

ಅಗ್ಗದ ಬಣ್ಣ ಹಾಕಿದಿರೋ, ಉಳಿದದ್ದನ್ನು ಸುರಿದಿರೋ ನನಗೆ ಗೊತ್ತಿಲ್ಲ. ನಿಮ್ಮ ಮಾತು ನಂಬಿ ಇನ್ಶೂರೆನ್ಸು ಬಿಟ್ಟೆ. ಒಂದು ವಾರದಲ್ಲಿ ನಿಮ್ಮಿಂದ ಸರಿಯಾದ ಉತ್ತರ ಬರದಿದ್ದರೆ ಅವರಿಗೇ ಬರೆಯುತ್ತೇನೆ. ವ್ಯಾನಿನ ನಂಬರು ನನ್ನ ಹತ್ತಿರ ಇದೆ.

ಕರಡು ತಿದ್ದುವವಳು

*

ಮಾರ್ಚ್ 20, ಗುರುವಾರ

ಏನಮ್ಮಾ,

ಅಗ್ಗದ ಬಣ್ಣ! ನನ್ನ ಮಗನಾಗಿದ್ದರೆ ಈ ಮಾತಿಗೆ ಎರಡು ದಿನ ಅನ್ನ ಹಾಕುತ್ತಿರಲಿಲ್ಲ. ಇನ್ನು ನಿನಗೆ ಬಹುವಚನ ಬರೆಯಲು ನನ್ನ ಕೈ ಏಳುವುದಿಲ್ಲ.

ನಿನ್ನ ಪತ್ರ ಬಂದಾಗ ಸೊಸೆ ಎದುರಿಗೇ ಇದ್ದಳು. "ಯಾರದ್ದು ಅತ್ತೆ, ಈ ತಿಂಗಳು ಇದು ಮೂರನೇದು?" ಎಂದಳು. ಬಾಲ್ಯದ ಗೆಳತಿ ಎಂದೆ. ಸುಳ್ಳು ಬರುವುದಿಲ್ಲ ಎಂದು ನಿನಗೆ ಬರೆದವಳು ನಾನು. ನಿನ್ನಿಂದ ಅದನ್ನೂ ಕಲಿತೆ.

ಬೆದರಿಕೆಗೆ ನಾನು ಬಗ್ಗುವವಳಲ್ಲ. ನನ್ನ ಕೆಲಸಕ್ಕೆ ಹೆಸರು ಕೆಡಬಾರದೆಂದು ಕರೆಯುತ್ತಿದ್ದೇನೆ. ಭಾನುವಾರ 23ಕ್ಕೆ ಬಾ. ನೀನೇ ಪಕ್ಕದಲ್ಲಿ ನಿಲ್ಲು. ಬೆರೆಸಿದ್ದನ್ನು ಬಾಗಿಲಿಗೆ ಹಿಡಿದು ತೋರಿಸುತ್ತೇನೆ. ನೀನು ಹೂಂ ಅಂದ ಮೇಲೆಯೇ ಗನ್ನಿಗೆ ಸುರಿಯುವುದು. ಆಮೇಲೆ ಬಾಯಿ ತೆರೆಯಕೂಡದು.

ಮಗ ಎರಡು ಭಾನುವಾರ ಕೇಳಿದ, ರಜೆಯ ದಿನ ಶೆಡ್ಡಿನಲ್ಲಿ ಏನು ಮಾಡುತ್ತೀಯೆಂದು. ಮೂಲೆಗಳನ್ನು ಗುಡಿಸುತ್ತೇನೆ ಎಂದಿದ್ದೇನೆ. ಇನ್ನು ಗುಡಿಸಲು ಮೂಲೆ ಉಳಿದಿಲ್ಲ. ಇದೇ ಕೊನೆಯ ಸಲ.

ಶೆಡ್ಡಿನ ಯಜಮಾನಿ

*

ಮಾರ್ಚ್ 25, ಮಂಗಳವಾರ

ಅಮ್ಮಾ,

ಬೈಯುವುದಾದರೆ ಕೊನೆಯ ತನಕ ಓದಿ ಬೈಯಿರಿ.

ಎರಡನೆಯ ಸಲವೂ ಬಣ್ಣ ಕೂಡಿಲ್ಲ. ಮೊದಲಿಗಿಂತ ತಿಳಿಯಾಗಿದೆ, ಹಳದಿ ಹಾಗೆಯೇ ಇದೆ. ಈಗ ರಸ್ತೆಯ ಆಚೆ ಬದಿಯಿಂದಲೂ ಕಾಣುತ್ತದೆ.

ಇದರಲ್ಲಿ ನನ್ನ ತಪ್ಪೂ ಇದೆ. ನೀವು ಬಣ್ಣ ಹಚ್ಚಿದ ಕಾರ್ಡನ್ನು ಬಾಗಿಲಿಗೆ ಹಿಡಿದು, "ನೋಡು, ಎಲ್ಲಿ ಕಾರ್ಡು ಮುಗೀತು, ಎಲ್ಲಿ ಬಾಗಿಲು ಶುರುವಾಯ್ತು, ಹೇಳು ನೋಡೋಣ" ಅಂದಿರಿ. ನನಗೆ ಕಾರ್ಡಿನ ನಾಲ್ಕು ಅಂಚೂ ಕಾಣುತ್ತಿತ್ತು. ನಿಮ್ಮ ಮುಖದಲ್ಲಿ ಅಷ್ಟು ಗೆಲುವಿತ್ತು, ನನಗೆ ಬಾಯಿ ಬರಲಿಲ್ಲ. ಹೂಂ ಅಂದುಬಿಟ್ಟೆ. ದಿನವಿಡೀ ಲೇಖಕರ ತಪ್ಪಿಗೆ ಕೆಂಪು ಗೀಟು ಎಳೆಯುವವಳು, ನಿಮ್ಮೆದುರು ಒಂದು ಗೀಟು ಎಳೆಯಲಾರದೆ ಹೋದೆ.

ಇನ್ನೊಂದು ವಿಷಯ. ಕಾರು ನನ್ನದಲ್ಲ. ನನ್ನ ಅಣ್ಣನದು. ಹಡಗಿನ ಕೆಲಸಕ್ಕೆ ಹೋಗುವಾಗ, "ವಾರಕ್ಕೊಂದು ಸಲ ಸ್ಟಾರ್ಟ್ ಮಾಡು, ಗೇಟು ದಾಟಿಸಿದ್ರೆ ನನ್ನಷ್ಟು ಕೆಟ್ಟವನಿಲ್ಲ" ಎಂದು ಹೇಳಿ ಹೋಗಿದ್ದ. ಅವನು ಶನಿವಾರ 29ಕ್ಕೆ ಬರುತ್ತಾನೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು ಅವನು. ಇಲ್ಲಿಯವರೆಗೆ ನನ್ನ ಒಂದು ಮಾತನ್ನೂ ಅವನು ಅನುಮಾನಿಸಿಲ್ಲ. ಇನ್ಶೂರೆನ್ಸಿಗೆ ಬರೆಯುತ್ತೇನೆ ಎಂದದ್ದು ಬರಿಯ ಬಾಯಿಮಾತು. ಪಾಲಿಸಿ ಅವನ ಹೆಸರಿನಲ್ಲಿದೆ, ಅವನ ಸಹಿ ಬೇಕು.

ನಾಲ್ಕು ದಿನ ಇದೆ. ಏನು ಮಾಡಲಿ ಹೇಳಿ.

ಕರಡು ತಿದ್ದುವವಳು

*

ಮಾರ್ಚ್ 28, ಶುಕ್ರವಾರ

ಅಮ್ಮನವರಿಗೆ,

ಮಂಗಳವಾರ ಗಾಬರಿಯಲ್ಲಿ ಏನೇನೋ ಬರೆದೆ, ಮರೆತುಬಿಡಿ. ನೀವು ಹೇಳಿದ ಹಾಗೆಯೇ ಆಯಿತು. ಬಿಸಿಲಿಗೆ ಬಣ್ಣ ಹದಕ್ಕೆ ಬಂದು, ಬಾಗಿಲು ಕಾರಿನ ಜೊತೆ ಕೂಡಿಕೊಂಡಿದೆ. ಎಷ್ಟು ನೋಡಿದರೂ ವ್ಯತ್ಯಾಸ ತಿಳಿಯುವುದಿಲ್ಲ. ನಿಮ್ಮ ಕಣ್ಣನ್ನು ಅನುಮಾನಿಸಿದ್ದಕ್ಕೆ ಕ್ಷಮೆ ಇರಲಿ.

ಇನ್ನು ನಮ್ಮ ನಡುವೆ ಯಾವ ಬಾಕಿಯೂ ಇಲ್ಲ. ಆರೋಗ್ಯ ನೋಡಿಕೊಳ್ಳಿ.

ಕರಡು ತಿದ್ದುವವಳು

*

ಏಪ್ರಿಲ್ 1, ಮಂಗಳವಾರ

ಕರಡು ತಿದ್ದುವವಳೇ,

ನಿನ್ನ 25ರ ಪತ್ರಕ್ಕೆ ಉತ್ತರ ಬರೆಯಲು ಮೂರು ಸಲ ಕೂತು ಮೂರು ಸಲ ಹರಿದೆ. ಅಷ್ಟರಲ್ಲಿ ಈ 28ರ ಪತ್ರ ಬಂತು. ಅದನ್ನು ಹರಿಯಲಿಲ್ಲ. ಮೇಜಿನ ಮೇಲೆ ಇಟ್ಟುಕೊಂಡು ನೋಡುತ್ತಿದ್ದೇನೆ.

ಹೊಸ ಬಣ್ಣ ಒಂದು ವಾರದಲ್ಲಿ ಹೊಂದಿಕೊಳ್ಳುತ್ತದೆ ಎಂದು ನಾನು ಬರೆದಿದ್ದೆ, ನಿಜ. ಅದು ಗಿರಾಕಿಗಳಿಗೆ ಹೇಳುವ ಮಾತು. ಬಣ್ಣದವರು ಯಾರೂ ಅದನ್ನು ನಂಬುವುದಿಲ್ಲ. ಒಣಗಿದ ಬಣ್ಣ ಒಣಗಿದ್ದೇ. ಮೇಲೆ ಹೊಳಪಿನ ಕೋಟು ಕೂತ ಮೇಲೆ ರಾಜ ಬಂದು ಹೇಳಿದರೂ ಅದು ಹಳದಿ ಬಿಟ್ಟು ನೀಲಿಗೆ ಹೋಗುವುದಿಲ್ಲ. ಮಂಗಳವಾರ ರಸ್ತೆಯಾಚೆಯಿಂದ ಕಾಣುತ್ತಿದ್ದ ಬಾಗಿಲು ಶುಕ್ರವಾರ ಕಾಣದೆ ಹೋಯಿತು ಎಂದರೆ, ನಡುವೆ ಯಾರೋ ಅದಕ್ಕೆ ಹೊಸದಾಗಿ ಬಣ್ಣ ಹೊಡೆದಿದ್ದಾರೆ.

ಯಾರು? ನಮ್ಮ ಎದುರಿನ ಶೆಡ್ಡಿನವನೇ? ಅವನು ಇಪ್ಪತ್ತು ವರ್ಷದಿಂದ ನನ್ನ ಒಂದು ತಪ್ಪಿಗಾಗಿ ಬಾಯಿ ಬಿಟ್ಟು ಕಾಯುತ್ತಿದ್ದಾನೆ. ನನ್ನ ಬಾಗಿಲನ್ನು ಅವನ ಮುಂದೆ ನಿಲ್ಲಿಸಿ "ಇದು ಆ ಯಮ್ಮನ ಕೆಲಸ" ಎಂದು ಹೇಳಿದೆಯಾ?

ನನ್ನ ಕೆಲಸ ಕೆಟ್ಟಿದ್ದರೆ ಕೆಟ್ಟಿದೆ ಎನ್ನು. ಬಾಯಿಗೆ ಬೆಲ್ಲ ಹಚ್ಚಬೇಡ. ಯಾರು ಹೊಡೆದರು, ಅಷ್ಟೇ ಬರೆ.

ಶೆಡ್ಡಿನ ಯಜಮಾನಿ

*

ಏಪ್ರಿಲ್ 4, ಶುಕ್ರವಾರ

ಅಮ್ಮಾ,

ಎದುರಿನ ಶೆಡ್ಡಿಗೆ ಹೋಗಿಲ್ಲ. ಯಾವ ಬೇರೆ ಶೆಡ್ಡಿಗೂ ಹೋಗಿಲ್ಲ. ನಿಮ್ಮ ಶೆಡ್ಡು ಬಿಟ್ಟು ಬೇರೆ ಯಾರ ಕೈಯೂ ಆ ಬಾಗಿಲನ್ನು ಮುಟ್ಟಿಲ್ಲ. ನಿಮ್ಮ ಹೆಸರಿಗೆ ಮಸಿ ಬಳಿಯುವ ಕೆಲಸ ನನ್ನಿಂದ ಆಗಿಲ್ಲ ಎನ್ನುವುದಕ್ಕೆ ಇಷ್ಟು ಬರೆದಿದ್ದೇನೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲವೆಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಮಾತಿನ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ.

ಕರಡು ತಿದ್ದುವವಳು

*

ಏಪ್ರಿಲ್ 9, ಬುಧವಾರ

ತಾಯಿ,

ನೀನು ಹೇಳದಿದ್ದರೂ ಹೇಳಿದ ಹಾಗಾಯಿತು.

ನಾನು ಬಣ್ಣ ಕೊಳ್ಳಲು ಹೋಗುವುದು ಗುರುವಾರ, ಬೆಳಿಗ್ಗೆ ಹೋದರೆ ಸಂಜೆ. 27 ಗುರುವಾರ. ನಿನ್ನ ಪತ್ರ 28. ಅಂದು ಶೆಡ್ಡಿನಲ್ಲಿ ಗನ್ನು ಹಿಡಿಯುವವಳು ಒಬ್ಬಳೇ. ಇಷ್ಟು ಕೂಡಿಸಲು ಹೈಸ್ಕೂಲು ಸಾಕು. ಆದರೆ ಕೇಳಿದರೆ ಅವಳು ಇಲ್ಲ ಅನ್ನುತ್ತಾಳೆ. ಅದಕ್ಕೆ ಬೇರೆ ದಾರಿ ಹಿಡಿದೆ.

ಸೋಮವಾರ ಒಂದು ಬಿಳಿ ಕಾರಿನ ಬಾನೆಟ್ಟಿಗೆ ಬಣ್ಣ ಬೆರೆಸಬೇಕಿತ್ತು. ಬೆರೆಸಿ, ನೋಡಿ, ನನಗೆ ತೃಪ್ತಿಯಾದ ಮೇಲೆ ಡಬ್ಬಿಯನ್ನು ತಕ್ಕಡಿ ಯಂತ್ರದ ಮೇಲೆ ಇಟ್ಟೆ. ನಾನೂರ ಹನ್ನೆರಡು ಗ್ರಾಂ. "ನಾನು ಬರೋ ತನಕ ಹೊಡೀಬೇಡಿ" ಎಂದು ಹೇಳಿ ಮನೆಗೆ ಊಟಕ್ಕೆ ಹೋದೆ. ತಿರುಗಿ ಬಂದು ಡಬ್ಬಿ ಇಟ್ಟೆ. ನಾನೂರ ಇಪ್ಪತ್ಮೂರು.

ಸೊಸೆಯನ್ನು ಕರೆದೆ.

"ಇದಕ್ಕೆ ಏನು ಹಾಕಿದೆ?"

"ಏನಿಲ್ಲ ಅತ್ತೆ."

"ಹನ್ನೊಂದು ಗ್ರಾಂ ಏನಿಲ್ಲ ಹಾಕಿದ್ಯಾ?"

ಒಳಗೆ ಮಗನ ಸುತ್ತಿಗೆಯ ಸದ್ದು ನಿಂತಿತು. ಅವಳು ತಲೆ ತಗ್ಗಿಸಿ, "ನೀಲಿ. ಒಂಚೂರು ಬಿಳಿ" ಎಂದಳು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

"ದಿನಾ?"

"ದಿನಾ ಅಲ್ಲ ಅತ್ತೆ. ಕೆಂಪು, ಕಪ್ಪು ನೀವು ಬೆರೆಸಿದ್ರೆ ಮುಟ್ಟೋದೇ ಬೇಡ. ಬಿಳಿ, ಬೂದು, ನೀಲಿ ಬಂದ್ರೆ ಮಾತ್ರ. ನೀವು ಊಟಕ್ಕೆ ಹೋದಾಗ."

"ಬಾಯಿ ಇರ್ಲಿಲ್ವಾ ಹೇಳೋಕೆ?"

"ಬಾಯಿ ಇತ್ತು ಅತ್ತೆ. ನಿಮ್ಮೆದುರು ತೆರೀತಿರ್ಲಿಲ್ಲ."

ಮುನ್ನೂರು ಗಾಡಿಗಳಲ್ಲಿ ಒಂದೂ ತಿರುಗಿ ಬಂದಿಲ್ಲ ಎಂದು ನಿನಗೆ ಎದೆ ತಟ್ಟಿ ಬರೆದಿದ್ದೆ. ಬರುವುದು ಹೇಗೆ? ನಾನು ಬೆರೆಸಿದ್ದು ಬೆರೆಸಿದ ಹಾಗೆಯೇ ಶೆಡ್ಡು ಬಿಟ್ಟು ಹೋದದ್ದು ನಿನ್ನ ಬಾಗಿಲಲ್ಲಿ ಮಾತ್ರ. ಯಾರಿಗೂ ತಿಳಿಯಬಾರದು ಎಂದು ಭಾನುವಾರ ಕದ ಹಾಕಿಕೊಂಡು ಕೂತೆನಲ್ಲ, ಆ ಕದದ ಹೊರಗೆ ಉಳಿದದ್ದು ಅವಳ ಹನ್ನೊಂದು ಗ್ರಾಂ.

ಆಗ ಮಗ ಬಂದು ನಿಂತ. "ಅಮ್ಮಾ, ವ್ಯಾನಿನ ಮೂಲೆ..." ಎಂದ.

"ಏನು ವ್ಯಾನಿನ ಮೂಲೆ?"

"ಅದು ಹಳದಿ ಹೊಡೀತಾ ಇದೆ. ಒಂದು ತಿಂಗಳಾಯ್ತು. ಎಲ್ಲಿ ತಾಗಿಸಿದೆ ಅಂತ ಕೇಳೋಣ ಅಂದ್ರೆ ಇವಳು ಬೇಡ ಅಂದ್ಲು."

ಸರ್ವೇಯರು ನೋಡಿದ್ದಾನಂತೆ. ಎದುರಿನ ಶೆಡ್ಡಿನವನೂ ನೋಡಿದ್ದಾನಂತೆ. ನಾನು ನಿನ್ನ ಹತ್ತಿರ ಜಗಳವಾಡಿ, ಸುಳ್ಳು ಹೇಳಿ ಮುಚ್ಚಿಟ್ಟ ವಿಷಯವನ್ನು ನನ್ನ ವ್ಯಾನೇ ದಿನಾ ಊರೆಲ್ಲ ತೋರಿಸಿಕೊಂಡು ಬರುತ್ತಿತ್ತು. ಕಾಣದೆ ಇದ್ದದ್ದು ನನಗೊಬ್ಬಳಿಗೆ.

ಆಡಿದ ಮಾತು ಆಡಿದ್ದೇ. ಕೀಯನ್ನು ಬೆರೆಸುವ ಮೇಜಿನ ಮೇಲೆ ಇಟ್ಟು ಮನೆಗೆ ಬಂದೆ. ಇಂದಿಗೆ ಎರಡು ದಿನ, ಶೆಡ್ಡಿಗೆ ಹೋಗಿಲ್ಲ.

ನಿನಗೆ ಒಂದು ಸತ್ಯ ಕೊಡಬೇಕು. ನೀನು ಕಾರನ್ನು ಸರಿಯಾದ ಜಾಗದಲ್ಲಿಯೇ ನಿಲ್ಲಿಸಿದ್ದೆ. ಸಂಜೆಯ ಬಿಸಿಲು ಎದುರಿಗಿತ್ತು, ಗೋಡೆಯೂ ಬೂದು, ಕಾರೂ ಬೂದು. ನಾನು ನಿನ್ನ ಕಾರನ್ನು ನೋಡಲೇ ಇಲ್ಲ. ಸದ್ದು ಕೇಳಿ ನಿಂತೆ. ಕಾರಿನ ಬದಲು ಒಂದು ಮಗು ಗೋಡೆಗೆ ಒರಗಿ ನಿಂತಿದ್ದರೆ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಮೇಜು ಹೋದದ್ದಕ್ಕಿಂತ ಇದು ಹೆಚ್ಚು ಸುಡುತ್ತಿದೆ.

ನಾನು ನನ್ನ ಮನೆಯವರ ಮುಂದೆ ಬಾಯಿ ಬಿಟ್ಟೆ. ಇನ್ನು ನೀನು ನಿನ್ನ ಅಣ್ಣನ ಮುಂದೆ ಬಿಡು.

ಶೆಡ್ಡಿನವಳು

*

ಏಪ್ರಿಲ್ 13, ಭಾನುವಾರ

ಅಮ್ಮಾ,

ಮಾತು ಕೊಟ್ಟದ್ದು ಈಗ ತೀರಿತು, ಆದ್ದರಿಂದ ಹೇಳುತ್ತೇನೆ.

27ರ ಗುರುವಾರ ನಿಮ್ಮ ಜೊತೆ ಎದುರೆದುರೇ ಜಗಳವಾಡಬೇಕೆಂದು ಬಂದಿದ್ದೆ. ನೀವಿರಲಿಲ್ಲ. ನಿಮ್ಮ ಸೊಸೆ ಮುಖದ ಮಾಸ್ಕು ತೆಗೆದು ಹೊರಗೆ ಬಂದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಬಾಗಿಲಿನ ಮೇಲೆ ಅಂಗೈ ಇಟ್ಟು, "ಇದು ಅತ್ತೆ ಕೈ, ಅಲ್ವಾ?" ಅಂದರು. ಬಣ್ಣ ನೋಡಿ ಹೇಳಿದಿರಾ ಎಂದು ಕೇಳಿದೆ. "ಅಲ್ಲ, ತಗಡು ಮುಟ್ಟಿ. ನೆಗ್ಗು ಇತ್ತು ಅಂತಾನೇ ಗೊತ್ತಾಗ್ತಿಲ್ಲ ನೋಡಿ. ನನ್ನ ಗಂಡನಿಗೆ ಹತ್ತು ವರ್ಷದಿಂದ ಇದು ಬಂದಿಲ್ಲ, ಇನ್ನು ಬರೋದೂ ಇಲ್ಲ" ಎಂದು ನಕ್ಕರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆಗ ಅವರ ನಗು ಹೋಯಿತು. ಬೇರೆ ಕೆಲಸ ಬಿಟ್ಟು ಸಂಜೆ ನಾಲ್ಕರೊಳಗೆ ಬಾಗಿಲು ಮುಗಿಸಿಕೊಟ್ಟರು. ಹೊರಡುವಾಗ ಕಿಟಕಿಯ ಹತ್ತಿರ ಬಗ್ಗಿ, "ಅವರಿಗೆ ಹೇಳ್ಬೇಡಿ ಅಕ್ಕ. ಮಾತಿಗೆ ಕಟ್ಟುಬಿದ್ದು ಮೇಜು ಬಿಟ್ಬಿಡ್ತಾರೆ. ಬಿಟ್ರೆ ನಾವು ಯಾರನ್ನ ಕೇಳೋದು?" ಎಂದರು.

ಅವರು ನಿಮಗೆ ಮೋಸ ಮಾಡಿದರೆಂದು ನೀವು ಓದಿಕೊಂಡಿದ್ದರೆ, ಅಲ್ಲಿ ನಾನು ಕೆಂಪು ಗೀಟು ಎಳೆಯುತ್ತೇನೆ. ಈ ಸಲ ಎಳೆದೇ ಎಳೆಯುತ್ತೇನೆ.

ಅಣ್ಣ 29ಕ್ಕೆ ಬಂದ. ಕಾರಿಗೆ ಎರಡು ಸುತ್ತು ಹಾಕಿ, "ಪರವಾಗಿಲ್ವೇ, ಚೆನ್ನಾಗೇ ನೋಡ್ಕೊಂಡಿದೀಯ" ಎಂದು ಬೆನ್ನು ತಟ್ಟಿದ. ಹನ್ನೆರಡು ದಿನ ಆ ಬೆನ್ನು ಉರಿಯಿತು. ಗುರುವಾರ ನಿಮ್ಮ ಪತ್ರ ಬಂದ ಮೇಲೆ ಹೇಳಿದೆ. ಅವನು ಬೈಯಲಿಲ್ಲ. "ಇನ್ಶೂರೆನ್ಸ್ ಕಟ್ಟೋದು ಇದಕ್ಕೇ ಅಲ್ವೇನೇ? ಒಂದು ಫೋನ್ ಮಾಡಿದ್ರೆ ಮುಗೀತಿತ್ತಲ್ಲ" ಎಂದ. ಅಂದಿನಿಂದ ಕಾರಿನ ಕೀಯನ್ನು ಜೇಬಿನಲ್ಲಿಟ್ಟುಕೊಂಡೇ ಸ್ನಾನಕ್ಕೆ ಹೋಗುತ್ತಾನೆ. ನನ್ನ ಜೊತೆ ಮಾತು ಕಡಿಮೆ. ಬೈದಿದ್ದರೆ ಹಗುರಾಗುತ್ತಿದ್ದೆ.

ನೀವು ಶೆಡ್ಡಿಗೆ ಹೋದಿರಾ?

ಕರಡು ತಿದ್ದುವವಳು

*

ಏಪ್ರಿಲ್ 19, ಶನಿವಾರ

ಮಗಳೇ,

ಹೋದೆ. ನಾನಾಗಿ ಹೋಗಲಿಲ್ಲ. ಗುರುವಾರ ಹತ್ತು ಗಂಟೆಗೆ ಸೊಸೆ ಬಣ್ಣದ ಕೈಯಲ್ಲೇ ಮನೆಗೆ ಬಂದು, "ಮಧ್ಯಾಹ್ನದೊಳಗೆ ಒಂದು ಕೆಂಪು ಕಾರು ಕೊಡ್ಬೇಕು. ಬರ್ತೀರೋ, ಇಲ್ಲ ಗಿರಾಕೀನ ಎದುರಿನ ಶೆಡ್ಡಿಗೆ ಕಳಿಸ್ಲೋ?" ಎಂದಳು. ನನಗೆ ಬೆದರಿಕೆ ಹಾಕುವುದನ್ನು ಇವಳಿಗೆ ಯಾರು ಕಲಿಸಿದರೋ! ಹೋಗಿ ಕೆಂಪು ಬೆರೆಸಿಕೊಟ್ಟೆ. ಬಿಳಿ, ಬೂದು, ನೀಲಿಗೆ ಇನ್ನು ಅವಳೇ. "ನನ್ನ ಕಣ್ಣೆದುರು ಬೆರೆಸು, ಬೆನ್ನ ಹಿಂದೆ ಬೇಡ" ಎಂದಿದ್ದೇನೆ. ಆಡಿದ ಮಾತಿನಲ್ಲಿ ಅರ್ಧ ಮುರಿದೆ. ನನ್ನ ಆಯುಷ್ಯದಲ್ಲಿ ಇದು ಮೊದಲನೆಯದು, ಯಾರಿಗೂ ಹೇಳಬೇಡ.

ಕೀಯ ಮಾತು ಮಾತ್ರ ಮುರಿಯಲಿಲ್ಲ. ಅದು ಸೊಸೆಯ ಹತ್ತಿರ ಇದೆ.

ನಿನ್ನೆ ಅವಳೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆಯಂತೆ, ಬಹಳ ದಿನದ್ದು. ಹಳದಿ ಗಾಜಿನಲ್ಲಿ ನೋಡಿದ ಹಾಗೆ, ನೀಲಿ ಅದರಲ್ಲಿ ಅಡಗಿಹೋಗುತ್ತದಂತೆ. ಮುಂದಿನ ತಿಂಗಳು ಒಂದು ಕಣ್ಣಿನ ಪೊರೆ ತೆಗೆದು ನೋಡುತ್ತಾರೆ. "ಬೇಗ ಯಾಕಮ್ಮ ಬರ್ಲಿಲ್ಲ?" ಎಂದು ಡಾಕ್ಟರು ಕೇಳಿದರು. ಎಲ್ಲರೂ ನನ್ನನ್ನು ಅದನ್ನೇ ಕೇಳುವ ಕಾಲ ಬಂತು.

ನಿನ್ನ ಅಣ್ಣ ಮಾತಾಡುತ್ತಾನೆ, ಬಿಡು. ನಮ್ಮ ಮನೆಯಲ್ಲಿ ಈ ಬಣ್ಣದ ಮಾತನ್ನು ಎರಡು ವರ್ಷ ಯಾರೂ ಆಡಿರಲಿಲ್ಲ.

ಬರುವಾಗ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ವ್ಯಾನಿನ ಎಡಗಡೆ ಸೀಟಿನಲ್ಲಿ ಕೂತೆ. ಸೊಸೆ ಗೇರು ಹಾಕುವುದು ಸೌದೆ ಒಡೆದ ಹಾಗೆ. ಬ್ಯಾಂಕಿನ ಓಣಿಯ ತಿರುವಿನಲ್ಲಿ ಅವಳು ತಟ್ಟನೆ ಬ್ರೇಕು ಹಾಕಿದಳು. ನಾನು ಡ್ಯಾಶ್‌ಬೋರ್ಡು ಹಿಡಿದುಕೊಂಡೆ. ಗೋಡೆಯ ಪಕ್ಕದಿಂದ ಯಾರೋ ಒಬ್ಬರು ಸೈಕಲ್ಲು ತಳ್ಳಿಕೊಂಡು ನಮ್ಮ ಮುಂದೆಯೇ ದಾಟಿ ಹೋದರು.

"ಕಂಡಿತ್ತು ಅತ್ತೆ, ಹೆದರ್ಬೇಡಿ" ಎಂದಳು.

ನನಗೂ ಕಂಡಿತ್ತು ಎನ್ನಲು ಬಾಯಿ ತೆರೆದೆ. ಮತ್ತೆ ಮುಚ್ಚಿಕೊಂಡೆ.

ಶೆಡ್ಡಿನವಳು